ಕಡಲಾಚೆಯ ಮೋಟಾರು, ಕಡಲಾಚೆಯ ಪತ್ತು



ಈ ತಿಂಗಳಿನ ವಿಷಯವನ್ನು ನಾನಾಗಿ ಆರಿಸಿದ್ದಲ್ಲ. ಅದು ತಾನಾಗಿಯೇ ಮನೆಯ ಕಟ್ಟೆಗೆ ಬಂದು ಕುಳಿತಿತು. ನಮ್ಮ ಗುತ್ತಲದ ಗೃಹಸ್ಥರೊಬ್ಬರು, ಹೊಲಮನೆಯುಳ್ಳವರು, ಮಗನನ್ನು ಓದಿಸಿ ಅಮೇರಿಕಾ ದೇಶಕ್ಕೆ ಕಳಿಸಿದವರು, ಮುಖ ಸಣ್ಣದು ಮಾಡಿಕೊಂಡು ಬಂದು ಕೇಳಿದರು: “ಮಾಸ್ತರರೇ, ಹುಡುಗನಿಗೆ ಅಲ್ಲಿ ಮೋಟಾರು ಬೇಕೇಬೇಕಂತೆ. ಪಗಾರವೇನೋ ಚಲೋ ಇದೆ. ಆದರೂ ಅಲ್ಲಿಯ ಬ್ಯಾಂಕಿನವರು ಸಾಲ ಕೊಡಲು ಹಿಂದೆ ಮುಂದೆ ನೋಡುತ್ತಾರಂತೆ. ಕೊಟ್ಟರೂ ಊರವರಿಗಿಲ್ಲದ ಬಡ್ಡಿ ಇವನಿಗೆ ಹೇಳುತ್ತಾರಂತೆ. ನಾವೇನು ಸಾಲ ಮುಳುಗಿಸುವ ಮನೆತನದವರೇನ್ರೀ? ಹೊಲದ ಮೇಲೆ ದುಡ್ಡು ಎತ್ತಿ ಕಳಿಸಿಬಿಡಲೋ?”

ಈ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಅಡಗಿರುವವು. ಪರದೇಶಿಯಾದವನಿಗೆ ಸಾಲವೇಕೆ ತುಟ್ಟಿ ಎಂಬುದು ಒಂದು. ಇಲ್ಲಿಯ ಮನೆಯವರು ಅದಕ್ಕೆ ಹೆಗಲು ಕೊಡಬೇಕೇ ಎಂಬುದು ಇನ್ನೊಂದು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಎಷ್ಟೋ ಮನೆಗಳಿಂದ ಇಂದು ಮಕ್ಕಳು ಕಡಲಾಚೆಗೆ ಹೋಗಿರುವದರಿಂದ ಇದು ಒಬ್ಬರ ಪ್ರಶ್ನೆಯೆಂದು ನನಗೆ ತೋರಲಿಲ್ಲ. ಆದುದರಿಂದ ಅವರಿಗೆ ಹೇಳಿದ್ದನ್ನೇ ಕೊಂಚ ವಿಸ್ತರಿಸಿ ಇಲ್ಲಿ ಬರೆಯುತ್ತೇನೆ.

ಮೊದಲು ‘ಪತ್ತು’ ಎಂಬ ಶಬ್ದವನ್ನು ವಿಚಾರಿಸೋಣ. ಊರೂರಿಗೆ ‘ಪತ್ತಿನ ಸಹಕಾರಿ ಸಂಘ’ ಎಂಬ ಹಲಗೆಯನ್ನು ನೋಡುವ ನಮಗೆ ಅದರ ಅರ್ಥವನ್ನು ಹೇಳಬೇಕಾದದ್ದಿಲ್ಲ. ಬ್ಯಾಡಗಿಯ ಅಡತಿ ಅಂಗಡಿಯಲ್ಲಿ ಮೆಣಸಿನಕಾಯಿ ಬೆಳೆಯುವ ರೈತನಿಗೆ ಉದ್ದರಿ ಕೊಡುವಾಗ ಅಡತಿಯವನು ಯಾವ ಕಾಗದವನ್ನು ನೋಡುತ್ತಾನೆ? ಇವನ ತಂದೆ ಎಂಥವನಿದ್ದ, ಹೊಲ ಯಾವ ಮಣ್ಣಿನದು, ಹೋದ ವರ್ಷ ಮಳೆ ಹೋದಾಗಲೂ ಮಾತು ಉಳಿಸಿಕೊಂಡನೋ ಇಲ್ಲವೋ, ಇದೇ ಅವನ ಕಾಗದ. ಪತ್ತು ಎಂದರೆ ಊರಿನ ಸ್ಮರಣೆ. ನಮ್ಮ ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ ೧೯೦೫ನೆಯ ಇಸವಿಯಲ್ಲಿ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಭರತಖಂಡದಲ್ಲಿ ಆ ಬಗೆಯ ಸಂಘಗಳಿಗೆ ಅದೇ ಮೊದಲನೆಯದೆಂದು ಖ್ಯಾತಿಯಿದೆ. ಹಿಂದಿನ ವರ್ಷ, ಎಂದರೆ ೧೯೦೪ರಲ್ಲಿ, ಸರಕಾರವು ಮಾಡಿದ ಕಾಯದೆಯಂತೆ ಹಳ್ಳಿಯ ಸಂಘಗಳ ಸದಸ್ಯರು ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆಯಾಗಬೇಕಾಗಿತ್ತು. ಗುರುತಿಲ್ಲದವನ ಸಾಲಕ್ಕೆ ತನ್ನ ಮನೆಮಾರನ್ನು ಯಾರು ಒತ್ತೆಯಿಟ್ಟಾರು? ಒಬ್ಬರ ಹಣೆಬರಹ ಒಬ್ಬರಿಗೆ ಗೊತ್ತಿದ್ದ ಊರಿನಲ್ಲಿ ಮಾತ್ರ ಇಂಥ ವ್ಯವಹಾರವು ಸಾಗಬಲ್ಲದು.

ನಮ್ಮ ಹುಡುಗನು ವಿಮಾನ ಹತ್ತುವಾಗ ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿಯನ್ನು ಒಯ್ಯಬಹುದು, ಅಪ್ಪನ ಪತ್ತನ್ನು ಒಯ್ಯಲಾರನು. ಅಮೇರಿಕೆಯಲ್ಲಿ ಊರಿನ ಸ್ಮರಣೆಯ ಸ್ಥಾನದಲ್ಲಿ ಲಿಖಿತ ಸ್ಮರಣೆಯಿರುವದು. ಈಕ್ವಿಫ್ಯಾಕ್ಸ್, ಎಕ್ಸ್ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ದೊಡ್ಡ ಸಂಸ್ಥೆಗಳು ಪ್ರತಿಯೊಬ್ಬನ ಸಾಲ, ಕಂತು, ತಪ್ಪಿದ ವಾಯಿದೆಗಳನ್ನೆಲ್ಲ ಬರೆದಿಡುವವು. ಅದರಿಂದ ೩೦೦ರಿಂದ ೮೫೦ರ ವರೆಗಿನ ಒಂದು ಅಂಕವನ್ನು ಹುಟ್ಟಿಸುವರು. ಫೈಕೋ ಎಂಬ ಹೆಸರಿನ ಈ ಅಂಕವು ೧೯೮೯ರಿಂದ ಬಳಕೆಯಲ್ಲಿದೆ. ನಮ್ಮ ದೇಶದಲ್ಲಿಯೂ ಸಿಬಿಲ್ ಎಂಬ ಸಂಸ್ಥೆ ೨೦೦೦ದಲ್ಲಿ ಸ್ಥಾಪಿತವಾಗಿ ಇದೇ ಕೆಲಸ ಮಾಡುತ್ತಿದೆ. ಆದರೆ ಈ ದೇಶದ ಪುಸ್ತಕವನ್ನು ಆ ದೇಶದ ಸಾಮಾನ್ಯ ಸಾಲಗಾರ ಸಂಸ್ಥೆಯು ತೆರೆದು ನೋಡುವದು ಅಪರೂಪ.

ಇಲ್ಲಿ ಒಂದು ಸೂಕ್ಷ್ಮವನ್ನು ತಿಳಿಯಬೇಕು. ಪರೀಕ್ಷೆಯಲ್ಲಿ ಸೊನ್ನೆ ಪಡೆದ ಹುಡುಗ ಬೇರೆ. ಹಾಜರಿ ಪುಸ್ತಕದಲ್ಲಿ ಹೆಸರೇ ಏರದ ಹುಡುಗ ಬೇರೆ. ನಮ್ಮ ಮಗನು ಎರಡನೆಯ ಬಗೆಯವನು. ಅವನನ್ನು ಯಾರೂ ಸುಳ್ಳನೆಂದು ಹೇಳಿಲ್ಲ. ಅವನ ವಿಷಯದಲ್ಲಿ ಹೇಳಲು ಯಾರಿಗೂ ಏನೂ ಗೊತ್ತಿಲ್ಲ. ಇದರಲ್ಲಿ ಮನೆತನದ ಮಾನಾಪಮಾನದ ಮಾತಿಲ್ಲವೆಂದು ಆ ಗೃಹಸ್ಥರಿಗೆ ತಿಳಿಹೇಳಲು ನನಗೆ ಅರ್ಧ ಗಳಿಗೆ ಹಿಡಿಯಿತು. ಚೌಡದಾನಪುರದ ಮುಕ್ತೇಶ್ವರ ದೇವಸ್ಥಾನದಲ್ಲಿ ನಮ್ಮ ಗುತ್ತ ಅರಸರ ಕಾಲದ ದತ್ತಿಗಳನ್ನು ಶಿಲೆಯಲ್ಲಿ ಕೊರೆಯಿಸಿದ್ದಾರಷ್ಟೆ! ಕೊಟ್ಟವನೂ ಸಾಕ್ಷಿಯೂ ಅಳಿದರೂ ಮಾತು ಉಳಿಯಲೆಂಬುದೇ ಅದರ ಉದ್ದೇಶ. ಹೊಸ ನೆಲಕ್ಕೆ ಹೋದವನು ತನ್ನ ಶಾಸನವನ್ನು ಮೊದಲನೆಯ ಅಕ್ಷರದಿಂದ ತಾನೇ ಕೊರೆಯಬೇಕಾಗುವದು.

ಇನ್ನು ಬಡ್ಡಿಯ ಮಾತು. ಪರಸ್ಥಳದವನಿಗೆ ಹೆಚ್ಚು ಬಡ್ಡಿ ಎಂಬುದು ಅಮೇರಿಕದವರು ಕಂಡುಹಿಡಿದ ಅನ್ಯಾಯವೆಂದು ಕೆಲವರು ತಿಳಿದಿರಬಹುದು. ಯಾಜ್ಞವಲ್ಕ್ಯ ಸ್ಮೃತಿಯಲ್ಲಿಯೂ, ಮೈಸೂರಿನ ಪಂಡಿತ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಓಲೆಗರಿಯಲ್ಲಿ ಗುರುತಿಸಿ ೧೯೦೯ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಇದೇ ವ್ಯವಸ್ಥೆಯಿದೆ. ಧರ್ಮ್ಯವಾದ ಬಡ್ಡಿ ತಿಂಗಳಿಗೆ ನೂರಕ್ಕೆ ಒಂದೂಕಾಲು. ಆದರೆ ಕಾಡು ದಾಟಿ ವ್ಯಾಪಾರ ಮಾಡುವವನಿಗೆ ತಿಂಗಳಿಗೆ ನೂರಕ್ಕೆ ಹತ್ತು, ಸಮುದ್ರಕ್ಕಿಳಿಯುವವನಿಗೆ ಇಪ್ಪತ್ತು! ಬಡ್ಡಿಯಲ್ಲಿ ಎರಡು ಪಾಲುಗಳಿರುವವು: ಹಣದ ಬಾಡಿಗೆ ಒಂದು ಪಾಲು, ಹಣ ಮರಳಲಿಕ್ಕಿಲ್ಲವೆಂಬ ಅಂಜಿಕೆ ಇನ್ನೊಂದು ಪಾಲು. ಸಮುದ್ರದವನ ಬಡ್ಡಿಯಲ್ಲಿ ಬಹುಭಾಗ ಎರಡನೆಯದೇ. ನಮ್ಮ ಹುಡುಗನು ತೆರುವದೂ ಅದನ್ನೇ.

ಅಂಜಿಕೆಗೆ ಎಷ್ಟು ಬೆಲೆಯೆಂಬುದನ್ನು ಲೆಕ್ಕಹಾಕಿ ತೋರಿಸುತ್ತೇನೆ. ಮಾಸ್ತರಿಕೆಯ ಚಟ ಸುಲಭವಾಗಿ ಬಿಡುವದಿಲ್ಲ. ೨೫,೦೦೦ ಡಾಲರುಗಳ ಸಾಲವನ್ನು ೬೦ ತಿಂಗಳ ಕಂತಿಗೆ ತೆಗೆದುಕೊಂಡನೆನ್ನಿರಿ. ವರ್ಷಕ್ಕೆ ನೂರಕ್ಕೆ ೬ರ ಬಡ್ಡಿಯಾದರೆ ತಿಂಗಳ ಕಂತು ಸುಮಾರು ೪೮೩ ಡಾಲರು, ಒಟ್ಟು ತೆರುವದು ೨೯,೦೦೦. ಅದೇ ಸಾಲಕ್ಕೆ ನೂರಕ್ಕೆ ೧೪ ಆದರೆ ಕಂತು ಸುಮಾರು ೫೮೨, ಒಟ್ಟು ೩೪,೯೦೦. ಅದೇ ಬಂಡಿ, ಅದೇ ದಾರಿ. ಗುರುತಿಲ್ಲದಿರುವಿಕೆಯ ಬೆಲೆ ಮಾತ್ರ ೫,೯೦೦ ಡಾಲರು. ಈ ದರಗಳು ನಾನು ಉದಾಹರಣೆಗಾಗಿ ಹಿಡಿದವು. ಲೆಕ್ಕದ ರೀತಿ ಮಾತ್ರ ಎಲ್ಲಿಯೂ ಇದೇ.

“ಹಾಗಾದರೆ ಮೋಟಾರೇ ಬೇಡ, ಬಸ್ಸಿನಲ್ಲಿ ಅಡ್ಡಾಡಲಿ” ಎಂದು ಹಿರಿಯರು ಅಂದಾರು. ನ್ಯೂಯಾರ್ಕ್ ಪಟ್ಟಣದಲ್ಲಿದ್ದವನಿಗೆ ಆ ಮಾತು ಸಲ್ಲುವದು. ಟೆಕ್ಸಾಸಿನಂಥ ಸೀಮೆಯಲ್ಲಿ ಅಂಗಡಿ, ಆಸ್ಪತ್ರೆ, ಕಚೇರಿಗಳು ಹರದಾರಿ ಹರದಾರಿ ದೂರ. ಬಹಳ ಕಡೆ ಕಾಲುದಾರಿ ಕೂಡ ಇಲ್ಲ. ಇಲ್ಲಿ ನಾನು ಗೃಹಿಣಿಯರ ಪಕ್ಷವನ್ನು ಹಿಡಿಯುವೆನು. ಗಂಡನು ಮುಂಜಾನೆ ಹೋದರೆ ಸಂಜೆಗೆ ಬರುವವನು. ಅವನ ಅವಲಂಬಿತಳಾಗಿ ಎಚ್-೪ ಪರವಾನಗಿಯ ಮೇಲೆ ಹೋದ ಸೊಸೆಗೆ ಸಾಮಾನ್ಯವಾಗಿ ನೌಕರಿ ಮಾಡುವ ಅಧಿಕಾರವಿಲ್ಲ (ಕೆಲವು ವರ್ಗದವರಿಗೆ ಮಾತ್ರ ೨೦೧೫ರಿಂದ ಅದು ದೊರೆಯುತ್ತಿದೆ). ಬಂಡಿಯೂ ಇಲ್ಲ, ನಡೆಸಲೂ ಬಾರದು ಎಂದಾದರೆ ಕೂಸಿಗೆ ಜ್ವರ ಬಂದ ಮಧ್ಯಾಹ್ನ ಅವಳೇನು ಮಾಡಬೇಕು? ಗುತ್ತಲದಲ್ಲಿಯಾದರೆ ಬಾಗಿಲಿಗೆ ಬಂದು ಕೂಗಿದರೆ ನಾಲ್ಕು ಮಂದಿ ಓಡಿಬರುವರು. ಆದಕಾರಣ ಮೋಟಾರು ಅಲ್ಲಿ ಡೌಲಿನ ಪದಾರ್ಥವಲ್ಲ, ನೀರಿನ ಕೊಡದಂಥ ಪದಾರ್ಥ. ಆದರೆ ನೀರಿನ ಕೊಡವು ತಾಮ್ರದ್ದಾದರೂ ನಡೆಯುವದು, ಬೆಳ್ಳಿಯದೇ ಆಗಬೇಕೆಂದಿಲ್ಲ. ಮಗನಷ್ಟೇ ಸೊಸೆಯೂ ಅಲ್ಲಿಯ ಚಾಲನಾ ಪರವಾನಗಿಯನ್ನು ಪಡೆಯಲಿ. ನಮ್ಮ ದೇಶದ ಪರವಾನಗಿ ಕೆಲ ಸಂಸ್ಥಾನಗಳಲ್ಲಿ ಕೆಲಕಾಲ ನಡೆದರೂ ಅಲ್ಲಿ ವಾಸವಾದವರು ಆ ಸಂಸ್ಥಾನದ ಪರೀಕ್ಷೆಯನ್ನು ಕೊಡಲೇಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಬಹಳಷ್ಟು ನಮ್ಮ ತರುಣರು ಅಲ್ಲಿರುವದು ಎಚ್-೧ಬಿ ಎಂಬ ಪರವಾನಗಿಯ ಮೇಲೆ. ಅದನ್ನು ಒಂದು ಸಲಕ್ಕೆ ಹೆಚ್ಚೆಂದರೆ ಮೂರು ವರ್ಷಕ್ಕೆ ಕೊಡುವರು. ಸಾಧಾರಣವಾಗಿ ಒಟ್ಟು ಆರು ವರ್ಷ. ಅದೂ ಕೆಲಸ ಕೊಟ್ಟ ಧಣಿಯ ಹೆಸರಿನ ಮೇಲೆ ನಿಂತಿರುವಂಥದು. ಕೆಲಸ ಹೋದರೆ, ೨೦೧೭ರಿಂದ ಜಾರಿಯಲ್ಲಿರುವ ನಿಯಮದಂತೆ, ಅರವತ್ತು ದಿನಗಳ ಮಟ್ಟಿನ ಅವಕಾಶ. ಅಷ್ಟರೊಳಗೆ ಹೊಸ ಧಣಿ ಸಿಗದಿದ್ದರೆ ಅಥವಾ ಬೇರೆ ಬಗೆಯ ಪರವಾನಗಿಗೆ ಅರ್ಜಿ ಹೋಗದಿದ್ದರೆ ದೇಶವನ್ನು ಬಿಡಬೇಕು. ಬಂಡಿಯ ಸಾಲವೋ ಅರವತ್ತು ತಿಂಗಳು, ಎಪ್ಪತ್ತೆರಡು ತಿಂಗಳು! ಅರವತ್ತು ದಿನದ ನೆಲದ ಮೇಲೆ ಎಪ್ಪತ್ತೆರಡು ತಿಂಗಳ ಮನೆ ಕಟ್ಟಿದಂತಾಯಿತು. ಸಾಲ ಕೊಡುವವರು ಪರವಾನಗಿಯ ಅವಧಿಯನ್ನು ಕೇಳುವದೂ, ಎಷ್ಟೋ ಸಲ ಅದರೊಳಗೇ ಸಾಲ ತೀರಬೇಕೆಂದು ಪಟ್ಟು ಹಿಡಿಯುವದೂ ಇದಕ್ಕಾಗಿಯೇ. ಜಾತಿ, ಬಣ್ಣ, ಮತ, ಹುಟ್ಟಿದ ದೇಶ ಇವುಗಳನ್ನು ನೋಡಿ ಸಾಲ ನಿರಾಕರಿಸಬಾರದೆಂದು ೧೯೭೪ರಲ್ಲಿ ಆರಂಭವಾಗಿ ೧೯೭೬ರಲ್ಲಿ ವಿಸ್ತಾರಗೊಂಡ ಕಾಯದೆ ಅಲ್ಲಿದೆ. ಆದರೆ ಇನ್ನೆಷ್ಟು ದಿನ ಇಲ್ಲಿ ಇರುವಿ ಎಂದು ಕೇಳುವದನ್ನು ಆ ಕಾಯದೆ ತಡೆಯುವದಿಲ್ಲ. ಕೇಳಿದ್ದೂ ತಪ್ಪಲ್ಲವೆಂದೇ ನನ್ನ ಅಭಿಪ್ರಾಯ. ನಾವೂ ಗೇಣಿಗೆ ಕೊಡುವಾಗ ಕೇಳುತ್ತೇವೆ.

ಇದರ ಪೆಟ್ಟು ಎಲ್ಲಿ ಬೀಳುವದೆಂಬುದನ್ನು ನೋಡಿರಿ. ಮುಂಚಿನ ಲೆಕ್ಕದ ೨೫,೦೦೦ ಡಾಲರುಗಳನ್ನೇ ನೂರಕ್ಕೆ ೧೪ರಂತೆ ೭೨ ತಿಂಗಳಿಗೆ ಎತ್ತಿದರೆ ಕಂತು ಸುಮಾರು ೫೧೫ ಆಗಿ ಹಗುರ ಕಾಣುವದು. ಎರಡು ವರ್ಷ ತಪ್ಪದೆ ಕಟ್ಟಿದನು; ೧೨,೩೬೦ ಡಾಲರು ಕೈಬಿಟ್ಟಿತು. ಸಾಲದ ಬಾಕಿ ಎಷ್ಟು? ಸುಮಾರು ೧೮,೮೫೦! ಮೊದಲಿನ ಕಂತುಗಳಲ್ಲಿ ಬಡ್ಡಿಯ ಪಾಲೇ ದೊಡ್ಡದಿರುವದರಿಂದ ಅಸಲು ನಿಧಾನವಾಗಿ ಕರಗುವದು. ಇತ್ತ ಮೋಟಾರೇನು ಹೋರಿಯೇ, ಮೇಯ್ದು ಬೆಲೆ ಏರಲಿಕ್ಕೆ? ಅಂಗಡಿಯಿಂದ ಹೊರಬಿದ್ದ ದಿನದಿಂದ ಅದರ ಬೆಲೆ ಇಳಿಯುತ್ತಲೇ ಇರುವದು. ಆ ಹೊತ್ತಿಗೆ ಕೆಲಸ ಹೋಗಿ, ಬಂಡಿಗೆ ೧೬,೦೦೦ವೇ ಬಂದರೆ, ಬಂಡಿಯನ್ನು ಕೊಟ್ಟ ಮೇಲೂ ೨,೮೫೦ ಡಾಲರು ಕೈಯಿಂದ ಹಾಕಬೇಕು. ಪಗಾರವಿಲ್ಲದ ತಿಂಗಳು, ಮನೆ ಖಾಲಿಮಾಡುವ ತಿಂಗಳು, ವಿಮಾನದ ಚೀಟಿ ತೆಗೆಯುವ ತಿಂಗಳು ಅದು. ಆದುದರಿಂದ ಕಂತು ಎಷ್ಟು ಎಂದು ಕೇಳುವ ಮೊದಲು ಅವಧಿ ಎಷ್ಟು ಎಂದು ಕೇಳಬೇಕು.

ಇಂಥ ಹೊಸಬನಿಗೆ ಅಂಗಡಿಯವನು ಹೇಳುವ ಸುಲಭೋಪಾಯವೊಂದಿದೆ: “ಇಲ್ಲಿ ಬಹುಕಾಲದಿಂದ ಇರುವ ಯಾರಾದರೂ ನಿನ್ನ ಸಂಗಡ ರುಜು ಹಾಕಲಿ.” ಆಗ ಹುಡುಗನಿಗೆ ಕನ್ನಡ ಕೂಟದಲ್ಲಿ ಯುಗಾದಿಯ ದಿನ ಭೆಟ್ಟಿಯಾದ ಹಿರಿಯರ ನೆನಪಾಗುವದು. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟವು ೧೯೭೩ರಷ್ಟು ಹಳೆಯದು. ಅಲ್ಲಿ ನೆಲೆನಿಂತವರು, ಒಳ್ಳೆಯ ಅಂಕವುಳ್ಳವರು, ನಮ್ಮ ಭಾಷೆಯವರೆಂಬ ಕಕ್ಕುಲತೆಯುಳ್ಳವರು ಹಲವರಿದ್ದಾರೆ. ಕೇಳಿದರೆ ಇಲ್ಲವೆನ್ನಲಾರರು. ಇದಕ್ಕಾಗಿಯೇ ಕೇಳಬಾರದು.

ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಅದರಲ್ಲಿ ಜಾಮೀನುದಾರರು ಮೂರು ಬಗೆ. ‘ಇವನನ್ನು ಕರೆದಾಗ ತಂದು ನಿಲ್ಲಿಸುವೆನು’ ಎನ್ನುವವನು ದರ್ಶನಕ್ಕೆ ಹೊಣೆ. ‘ಇವನು ಒಳ್ಳೆಯವನು, ನಂಬಿ ಕೊಡು’ ಎನ್ನುವವನು ಪ್ರತ್ಯಯಕ್ಕೆ ಹೊಣೆ. ‘ಇವನು ಕೊಡದಿದ್ದರೆ ನಾನು ಕೊಡುವೆನು’ ಎನ್ನುವವನು ದಾನಕ್ಕೆ ಹೊಣೆ. ಮೊದಲಿನ ಇಬ್ಬರ ಮಾತು ಸುಳ್ಳಾದರೆ ಅವರೇ ತೆರಬೇಕು, ಅವರ ಮಕ್ಕಳಿಗೆ ತಟ್ಟದು. ಮೂರನೆಯವನ ಹೊಣೆಯಾದರೋ ಮಕ್ಕಳ ತಲೆಗೂ ಬರುವದು. ರುಜು ಹಾಕುವ ಹಿರಿಯರು ತಾವು ಎರಡನೆಯ ಬಗೆಯವರೆಂದು ತಿಳಿದಿರುವರು. ಹುಡುಗ ಸಭ್ಯ, ನಮ್ಮೂರ ಕಡೆಯವ, ಒಂದು ಮಾತು ಹೇಳಿದರಾಯಿತು ಎಂದು. ಆದರೆ ಆ ಕಾಗದವು ಅವರನ್ನು ಮೂರನೆಯ ಬಗೆಯವರನ್ನಾಗಿ ಮಾಡುವದು. ಹುಡುಗನು ಅರವತ್ತು ದಿನಗಳಲ್ಲಿ ದೇಶ ಬಿಟ್ಟರೆ ಪೂರ್ಣ ಬಾಕಿ ಅವರದು. ಒಂದು ಕಂತು ತಡವಾದರೂ ಕಲೆ ಅವರ ಅಂಕಕ್ಕೂ ಹತ್ತುವದು. ಪರದೇಶದಲ್ಲಿ ಬಂಧುವಿನ ಸ್ಥಾನದಲ್ಲಿ ನಿಂತ ಮನೆಯೊಂದನ್ನು ಮೋಟಾರಿನ ಸಲುವಾಗಿ ಕಳೆದುಕೊಂಡವರ ಸಂಗತಿಯನ್ನು ನಾನು ಕೇಳಿಬಲ್ಲೆ. ಹಿರಿಯರಿಂದ ಬೇಡಬಹುದಾದ ಉಪಕಾರ ಬೇರೆಯಿದೆ: ಹಳೆಯ ಬಂಡಿಯನ್ನು ಕೊಳ್ಳುವ ದಿನ ಜೊತೆಗೆ ಬಂದು ನಾಲ್ಕು ಮಾತು ಕೇಳಲಿ, ಮೊದಲಿನ ಕೆಲ ತಿಂಗಳು ಸಂತೆಗೆ ಹೋಗುವಾಗ ಕರೆದೊಯ್ಯಲಿ.

ಹಾಗಾದರೆ ದಾರಿ ಯಾವುದು? ಶಾಸನವನ್ನು ಕೊರೆಯಲು ಮೊದಲು ಚಿಕ್ಕ ಉಳಿ ಬೇಕು. ಬ್ಯಾಂಕಿನಲ್ಲಿ ತನ್ನದೇ ಕೆಲವು ನೂರು ಡಾಲರುಗಳನ್ನು ಠೇವಣಿಯಾಗಿಟ್ಟು ಅದರ ಮೇಲೆ ಸಾಲದ ಕಾರ್ಡನ್ನು ಪಡೆಯುವ ಪದ್ಧತಿ ಅಲ್ಲಿದೆ. ಪ್ರತಿ ತಿಂಗಳೂ ಕಿರಾಣಿಯಷ್ಟನ್ನು ಅದರಿಂದ ಕೊಂಡು ವಾಯಿದೆಯೊಳಗೆ ಪೂರ್ತಿ ತೀರಿಸುತ್ತಿದ್ದರೆ ಸುಮಾರು ಆರು ತಿಂಗಳಿಗೆ ಅಂಕ ಹುಟ್ಟುವದು. ಅಲ್ಲಿಯ ವರೆಗೆ ಕೂಡಿಟ್ಟ ಪಗಾರದಿಂದ ರೊಕ್ಕ ಕೊಟ್ಟು ಒಂದು ಹಳೆಯ, ಗಟ್ಟಿಯಾದ ಚಿಕ್ಕ ಬಂಡಿಯನ್ನು ಕೊಂಡರೆ ಸಾಲದ ಮಾತೇ ಇಲ್ಲ. ನಮ್ಮ ಕಡೆ ಎತ್ತು ಕೊಳ್ಳುವವರು ಹಲ್ಲು ಎಣಿಸಿ, ಸುಳಿ ನೋಡಿ, ನೊಗಕ್ಕೆ ಹೂಡಿ ನಾಲ್ಕು ಹೆಜ್ಜೆ ನಡೆಸಿ ನೋಡುವರಷ್ಟೆ? ಮೋಟಾರಿಗೂ ಹಲ್ಲುಗಳಿವೆ. ಪ್ರತಿ ಬಂಡಿಗೂ ಹದಿನೇಳು ಅಕ್ಷರಾಂಕಗಳ ಒಂದು ಗುರುತು ಕೊರೆದಿರುವದು. ಅದನ್ನು ಹಿಡಿದು ಹಿಂದಿನ ಅಪಘಾತಗಳನ್ನೂ, ಸಾಲದ ಹೊರೆ ಇದೆಯೋ ಇಲ್ಲವೋ ಎಂಬುದನ್ನೂ ವಿಚಾರಿಸಬಹುದು. ಮಾರುವವನಿಗೆ ಸಂಬಂಧವಿಲ್ಲದ ಮಿಸ್ತ್ರಿಗೆ ತೋರಿಸಲಿ. ಕೊಂಡ ಮೇಲೆ ಮೂರು ದಿನಗಳೊಳಗೆ ಮರಳಿಸಬಹುದೆಂಬ ಒಂದು ತಪ್ಪು ತಿಳುವಳಿಕೆ ಅಲ್ಲಿ ಬಹಳ ಹಬ್ಬಿದೆ; ಅಂಗಡಿಯಲ್ಲಿ ಕೊಂಡ ಮೋಟಾರಿಗೆ ಅಂಥ ಹಕ್ಕನ್ನು ಆ ದೇಶದ ಕೇಂದ್ರದ ನಿಯಮವು ಕೊಟ್ಟಿಲ್ಲ. ರುಜು ಒಣಗಿದರೆ ವ್ಯವಹಾರ ಮುಗಿಯಿತು.

ಹೊಸ ಬಂಡಿಯೇ ಬೇಕಾಗಿ ಸಾಲ ಮಾಡುವದಾದರೆ ಸಾಲವನ್ನು ಅಂಗಡಿಯಲ್ಲಿ ಕೊಳ್ಳಬಾರದು. ಅಂಗಡಿಯವನು ಬ್ಯಾಂಕಿನಿಂದ ಒಂದು ದರಕ್ಕೆ ತಂದು ಅದರ ಮೇಲೆ ತನ್ನ ದಲಾಲಿಯನ್ನು ಸೇರಿಸಿ ಹೇಳುವದುಂಟು. ೧೯೬೮ರ ಸತ್ಯಸಾಲ ಕಾಯದೆಯಂತೆ ವರ್ಷದ ನಿಜವಾದ ದರವನ್ನು ಕಾಗದದಲ್ಲಿ ಬರೆದು ತೋರಿಸುವದು ಕಡ್ಡಾಯ. ಹುಡುಗನು ಆ ಒಂದು ಅಂಕಿಯನ್ನು ನೋಡಲಿ, ಉಳಿದ ಮಾತುಗಳನ್ನು ಕೇಳಿ ನಗಲಿ. ಸಾಲದ ಬಂಡಿಗೆ ಪೂರ್ಣ ವಿಮೆಯನ್ನು ಸಾಲಿಗರು ಕಡ್ಡಾಯ ಮಾಡುವರು, ಅಲ್ಲಿ ಬಂಡಿ ನಡೆಸಿದ ಚರಿತ್ರೆಯಿಲ್ಲದ ಹೊಸಬನಿಗೆ ವಿಮೆಯೂ ತುಟ್ಟಿ. ಅದನ್ನು ಕಂತಿಗೆ ಕೂಡಿಸಿಯೇ ತಿಂಗಳ ಖರ್ಚನ್ನು ಎಣಿಸಬೇಕು.

ಅಂಗಡಿಗೆ ಹೋಗುವ ಮೊದಲೇ ವಿಚಾರಿಸಬೇಕಾದ ಸ್ಥಳವೆಂದರೆ ಕ್ರೆಡಿಟ್ ಯೂನಿಯನ್ನು. ಹೆಸರು ಪರಕೀಯವಾದರೂ ಅದು ನಮ್ಮ ಪತ್ತಿನ ಸಂಘವೇ, ಸದಸ್ಯರೇ ಒಡೆಯರು. ಅದರ ಹುಟ್ಟಿನಲ್ಲಿ ನಮ್ಮ ದೇಶದ ಪಾಲೂ ಇರುವದು. ಬೋಸ್ಟನ್ ಪಟ್ಟಣದ ಎಡ್ವರ್ಡ್ ಫೈಲೀನ್ ಎಂಬ ಜವಳಿ ವರ್ತಕನು ೧೯೦೭ರಲ್ಲಿ ಹಿಂದುಸ್ಥಾನದಲ್ಲಿ ಸಂಚರಿಸುವಾಗ ಬಂಗಾಲದ ಹಳ್ಳಿಗಳ ಪತ್ತಿನ ಸಂಘಗಳನ್ನು ಕಂಡು ಬೆರಗಾದನು. ತನ್ನ ಊರಿಗೆ ಹೋಗಿ ಅಂಥದೇ ಸಂಘಗಳ ಕಾಯದೆಗಾಗಿ ಪ್ರಯತ್ನಿಸಿದನು; ೧೯೦೯ರಲ್ಲಿ ಮೆಸಾಚುಸೆಟ್ಸ್ ಸಂಸ್ಥಾನದಲ್ಲಿ ಆ ಕಾಯದೆ ಆಯಿತು. ನಮ್ಮ ಕಣಗಿನಹಾಳದ ಸಂಘ ಅದಕ್ಕಿಂತ ನಾಲ್ಕು ವರ್ಷ ಹಿರಿದು. ಇಂಥ ಸಂಘಗಳಲ್ಲಿ ಕೆಲವು ಪರದೇಶದಿಂದ ಬಂದ ಹೊಸಬರ ಪಗಾರದ ಪತ್ರವನ್ನೂ ಪರವಾನಗಿಯನ್ನೂ ನೋಡಿ ಮಿತವಾದ ಬಡ್ಡಿಗೆ ಸಾಲ ಕೊಡುವವು. ಯಂತ್ರದ ಅಂಕವನ್ನಷ್ಟೇ ನೋಡದೆ ಎದುರಿಗೆ ಕುಳಿತ ಮನುಷ್ಯನನ್ನೂ ನೋಡುವ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿರುವದು.

ಕೊಲ್ಲಿಯ ದೇಶಗಳಿಗೆ ಹೋದವರ ಮನೆಗಳಿಗಾಗಿ ಎರಡು ಮಾತು. ದುಬೈ ಮೊದಲಾದ ಊರುಗಳುಳ್ಳ ಅರಬ ಸಂಯುಕ್ತ ಸಂಸ್ಥಾನದಲ್ಲಿ ಅಲ್ಲಿಯ ಕೇಂದ್ರ ಬ್ಯಾಂಕು ೨೦೧೧ರಲ್ಲಿ ಹಾಕಿದ ಕಟ್ಟಿನಂತೆ ಮೋಟಾರಿನ ಬೆಲೆಯ ನೂರಕ್ಕೆ ೮೦ಕ್ಕಿಂತ ಹೆಚ್ಚು ಸಾಲ ಕೊಡುವಂತಿಲ್ಲ, ಅವಧಿ ೬೦ ತಿಂಗಳು ಮೀರುವಂತಿಲ್ಲ. ಒಳ್ಳೆಯ ಕಟ್ಟು. ಆದರೆ ಅಲ್ಲಿಯ ಜಾಹೀರಾತಿನಲ್ಲಿ ಕಾಣುವ ‘ನೂರಕ್ಕೆ ಮೂರು’ ಎಂಬುದನ್ನು ಕಂಡು ಹಿಗ್ಗಬಾರದು. ಅದು ಅನೇಕ ಸಲ ಪೂರ್ತಿ ಅಸಲಿನ ಮೇಲೆ ಕೊನೆಯ ವರೆಗೂ ಎಣಿಸುವ ಬಡ್ಡಿ. ಒಂದು ಲಕ್ಷ ದಿರಹಮಿಗೆ ಐದು ವರ್ಷಕ್ಕೆ ೧೫,೦೦೦ ಬಡ್ಡಿ; ಕೂಡಿಸಿ ಅರವತ್ತರಿಂದ ಭಾಗಿಸಿದರೆ ಕಂತು ೧,೯೧೭. ಮೂರನೆಯ ವರ್ಷಕ್ಕೆ ಅರ್ಧ ಅಸಲು ತೀರಿದ್ದರೂ ಬಡ್ಡಿ ಮಾತ್ರ ಇಡೀ ಲಕ್ಷದ ಮೇಲೆ! ಉಳಿದ ಅಸಲಿನ ಮೇಲಷ್ಟೇ ಎಣಿಸಿ ನೋಡಿದರೆ ಇದು ನೂರಕ್ಕೆ ೫.೬ಕ್ಕೂ ಮಿಗಿಲಾದ ಬಡ್ಡಿಯೆಂದು ತಿಳಿಯುವದು. ನೃಪತುಂಗನ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ, ಸುಮಾರು ೮೫೦ರ ಗ್ರಂಥದಲ್ಲಿ, ಅಸಲು ಬಡ್ಡಿಗಳನ್ನು ಬೇರ್ಪಡಿಸುವ ಲೆಕ್ಕಗಳಿಗಾಗಿಯೇ ಮಿಶ್ರಕ ವ್ಯವಹಾರವೆಂಬ ಅಧ್ಯಾಯವಿದೆ. ಆ ಲೆಕ್ಕಗಳನ್ನು ಏಳನೆಯ ಇಯತ್ತೆಯ ಹುಡುಗರು ಮಾಡಬಲ್ಲರು. ಎರಡು ಪದವಿ ಪಡೆದವರು ಜಾಹೀರಾತಿನ ಮುಂದೆ ಮರೆತುಬಿಡುವದು ಸೋಜಿಗ.

ಅಲ್ಲಿ ಇನ್ನೊಂದು ಎಚ್ಚರ ಬೇಕು. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಮರಳಿದರೆ ಅಪರಾಧವೆಂದು ಹಿಡಿಯುವ ಪದ್ಧತಿಯನ್ನು ೨೦೨೨ರಲ್ಲಿ ಬಹುಮಟ್ಟಿಗೆ ಸಡಿಲಿಸಿದರೂ, ಸಾಲಿಗನು ನ್ಯಾಯಾಲಯದ ಮೂಲಕ ಸಾಲಗಾರನ ಪ್ರಯಾಣವನ್ನು ತಡೆಯಿಸಬಹುದು. ಅಮೇರಿಕೆಯಲ್ಲಿ ಕೆಲಸ ಹೋದವನಿಗೆ ಇರಲು ಆಗದ ಕಷ್ಟ. ಇಲ್ಲಿ ಬಾಕಿ ನಿಂತವನಿಗೆ ಹೊರಡಲು ಆಗದ ಕಷ್ಟ. ತಾಯಿಯ ಕೊನೆಯ ಮುಖವನ್ನು ನೋಡಲು ವಿಮಾನ ನಿಲ್ದಾಣಕ್ಕೆ ಹೋದವನನ್ನು ಮೋಟಾರಿನ ಬಾಕಿ ತಡೆದು ನಿಲ್ಲಿಸಬಹುದೆಂಬುದನ್ನು ಕಂತಿನ ಕಾಗದದ ಮೇಲೆ ಯಾರೂ ಅಚ್ಚುಹಾಕುವದಿಲ್ಲ.

ಇನ್ನು ಹೊಲದ ಮೇಲೆ ಸಾಲ ಎತ್ತಿ ಕಳಿಸುವ ಪ್ರಶ್ನೆ. ಕಳಿಸಲು ಕಾಯದೆಯ ಅಡ್ಡಿಯಿಲ್ಲ: ರಿಸರ್ವ್ ಬ್ಯಾಂಕು ೨೦೦೪ರಲ್ಲಿ ಆರಂಭಿಸಿದ ಯೋಜನೆಯಂತೆ ಇಲ್ಲಿಯ ನಿವಾಸಿಯು ಆರ್ಥಿಕ ವರ್ಷವೊಂದಕ್ಕೆ ಎರಡೂವರೆ ಲಕ್ಷ ಡಾಲರುಗಳ ವರೆಗೆ ಹೊರಗೆ ಕಳಿಸಬಹುದು, ಅದರೊಳಗೂ ಗೊತ್ತುಪಡಿಸಿದ ಮೊತ್ತವನ್ನು ಮೀರಿದರೆ ಬ್ಯಾಂಕಿನವರು ಮೂಲದಲ್ಲಿಯೇ ಕರವನ್ನು ಹಿಡಿಯುವರು. ಆದರೆ ಆ ಯೋಜನೆಯಂತೆ ಸಾಲದ ಹಣವನ್ನು ಬಂಡವಾಳವಾಗಿ ಹೊರಗೆ ಸಾಗಿಸಲು ಬ್ಯಾಂಕಿನವರು ಒಪ್ಪಲಾರರು. ಬೆಳೆಸಾಲವನ್ನಂತೂ ಬೆಳೆಗಲ್ಲದೆ ಬೇರೆಡೆ ತೊಡಗಿಸಲೇ ಬಾರದು. ಕಾಯದೆಯ ಮಾತು ಹಾಗಿರಲಿ, ಸಂಸಾರದ ಮಾತು ನೋಡೋಣ. ಡಾಲರಿನಲ್ಲಿ ಗಳಿಸುವವನ ಬಂಡಿಗಾಗಿ ರೂಪಾಯಿಯಲ್ಲಿ ಬೆಳೆಯುವವನು ಋಣಿಯಾಗಬೇಕು. ಮಗನ ಕೆಲಸವೂ ಅನಿಶ್ಚಿತ, ಇಲ್ಲಿಯ ಮಳೆಯೂ ಅನಿಶ್ಚಿತ. ಎರಡು ಅನಿಶ್ಚಯಗಳನ್ನು ಒಂದೇ ಹಗ್ಗದಿಂದ ಬಿಗಿದಂತೆ. ಅಲ್ಲಿಯ ಸಾಲ ಅಲ್ಲಿಯೇ ಇದ್ದರೆ, ಕೆಟ್ಟ ಕಾಲ ಬಂದಾಗ ಹೋಗುವದು ಬಂಡಿ. ಇಲ್ಲಿಯ ಸಾಲವಾದರೆ ಹೋಗುವದು ಎರೆಹೊಲ. ಮಗನು ಬರಿಗೈಯಲ್ಲಿ ಮರಳಿ ಬಂದರೆ ಅವನು ಬಂದು ನಿಲ್ಲುವ ನೆಲ ಅದೇ. ಆದ್ದರಿಂದ ಆ ಗೃಹಸ್ಥರಿಗೆ ‘ಕಳಿಸಬೇಡಿರಿ’ ಎಂದೇ ಸ್ಪಷ್ಟವಾಗಿ ಹೇಳಿದೆನು. ಮಗನಿಗೆ ಸಿಟ್ಟು ಬರಬಹುದು. ಬರಲಿ.

ಕಡೆಗೆ, ದೇಶ ಬಿಟ್ಟು ಬರುವವರಿಗೆ ಒಂದು ಸೂಚನೆ. ಅಲ್ಲಿಯ ಮೋಟಾರನ್ನು ಹಡಗಿನಲ್ಲಿ ಊರಿಗೆ ತರಿಸುವೆವೆಂದು ಕೆಲವರು ಹವಣಿಸುವರು. ಚಕ್ರ ತಿರುಗಿಸುವ ಸ್ಥಾನ ಎಡಗಡೆಗಿರುವ ಬಂಡಿಗಳನ್ನು ನಮ್ಮ ದೇಶದ ಆಮದು ನಿಯಮವು ಸಾಮಾನ್ಯರಿಗೆ ಬಿಡುವದಿಲ್ಲ. ಅಲ್ಲಿಯೇ ಮಾರಬೇಕು. ಅದಕ್ಕೆ ಅವಸರದ ಕೊನೆಯ ವಾರ ಸಾಲದು. ಸಾಲ ತೀರಿದ್ದರೆ ಸಾಲಿಗನಿಂದ ಬಿಡುಗಡೆಯ ಪತ್ರವನ್ನು ಮೊದಲೇ ಪಡೆದು, ಒಡೆತನದ ಕಾಗದವನ್ನು ಕೊಂಡವನ ಹೆಸರಿಗೆ ವರ್ಗಮಾಡಿ, ಮಾರಿದ ಸುದ್ದಿಯನ್ನು ಆ ಸಂಸ್ಥಾನದ ಮೋಟಾರು ಕಚೇರಿಗೆ ತಿಳಿಸಿ, ಆಮೇಲೆ ವಿಮೆಯನ್ನು ನಿಲ್ಲಿಸಬೇಕು. ಈ ಕ್ರಮ ತಪ್ಪಿದರೆ ಹೊಸ ಒಡೆಯನು ಮಾಡಿದ ದಂಡದ ಚೀಟಿಗಳು ಹಳೆಯವನ ಹೆಸರಿಗೆ ಬರುತ್ತಿರುವವು. ಎಲ್ಲ ಕಾಗದಗಳ ಒಂದೊಂದು ಪ್ರತಿಯನ್ನು ಇಟ್ಟುಕೊಳ್ಳಲಿ. ಮತ್ತೊಮ್ಮೆ ಆ ದೇಶಕ್ಕೆ ಹೋಗುವ ಪ್ರಸಂಗ ಬಂದಲ್ಲಿ, ಅಲ್ಲಿಯ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ತೀರಿದ ಸಾಲದ ದಾಖಲೆ ಹಲವು ವರ್ಷಗಳ ವರೆಗೆ ಉಳಿದಿರುವದು.